ಗೆಳೆಯನ ಮನೆಗೆ ಬನ್ನಿ ಕೊಡಲು ಹೋಗು

ತಮ್ಮಾ,

ಈ ಸಲ ದಸರೆಗೆ ಊರಿಗೆ ಬರುವುದಿಲ್ಲ ಎಂದು ಅವ್ವನಿಗೆ ಫೋನು ಮಾಡಿ ಹೇಳಿದೆಯಂತೆ. "ಅವನಿಲ್ಲದ ಊರಾಗ ಯಾರಿಗೆ ಬನ್ನಿ ಕೊಡಲಿ?" ಅಂದೆಯಂತೆ. ಇಂಡಿಯ ಸಂತೆಯಲ್ಲಿ ಸಿಕ್ಕ ನಿಮ್ಮವ್ವ ಇಷ್ಟು ಹೇಳಿ, "ಮಾಸ್ತರ್ರ, ನಿಮ್ಮ ಮಾತಂದ್ರ ಕೇಳ್ತಾನ್ರಿ, ಒಂದೆರಡು ಮಾತು ಹೇಳ್ರಿ" ಎಂದಳು. ಫೋನಿನಲ್ಲಿ ಹೇಳಿದರೆ ನೀನು "ಹೂನ್ರಿ ಸರ್" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಮನಸ್ಸಾದಾಗ ಓದು, ಆಗದಿದ್ದಾಗ ಮಡಿಚಿಡು.

ಮೊದಲು ನಿನ್ನ ದುಃಖದ ಮಾತು. ಕಾರಹುಣ್ಣಿಮೆಯ ಹೊತ್ತಿಗೆ ನಿನ್ನ ಗೆಳೆಯ ತೀರಿಹೋದಾಗ ನೀನು ರಾತ್ರೋರಾತ್ರಿ ಬೆಂಗಳೂರಿನಿಂದ ಹೊರಟು ಮಣ್ಣಿಗೆ ಬಂದೆ. ಹಿಡಿಮಣ್ಣು ಹಾಕಿದೆ. ಮಾರನೆಯ ಸಂಜೆ ಬಸ್ಸು ಹತ್ತಿದೆ. ಬಂದ ಮಂದಿಯೆಲ್ಲ ಅವರಪ್ಪನನ್ನು ತೆಕ್ಕೆಗೆ ಹಿಡಿದು ಅತ್ತರು, ಅವರವ್ವನ ಹತ್ತಿರ ಕೂತರು, ತಂಗಿಯ ತಲೆ ಸವರಿದರು. ನೀನು ಬೇವಿನ ಗಿಡದ ಕೆಳಗೆ ಚಪ್ಪಲಿ ಕಾಯುವವನ ಹಾಗೆ ನಿಂತಿದ್ದೆ. ನಿನ್ನನ್ನು ಯಾರೂ ಮಾತಾಡಿಸಲಿಲ್ಲ. ಗೆಳೆಯನನ್ನು ಕಳೆದುಕೊಂಡವನ ಪಾಡೇ ಅದು. ಸೂತಕ ಹಿಡಿಯುವ ಮನೆತನಗಳಲ್ಲೂ ಗೆಳೆಯನಿಗೆ ಸೂತಕವಿಲ್ಲ. ಕಂಪನಿಯಲ್ಲಿ ರಜೆ ಕೇಳಿದರೆ ಸತ್ತವರು ನಿನಗೇನಾಗಬೇಕು ಎಂದು ಕೇಳುತ್ತಾರೆ. ಅಪ್ಪ, ಅವ್ವ, ಅಣ್ಣ, ತಮ್ಮ ಎಂದು ಬರೆಯಬಹುದು. ಗೆಳೆಯ ಎಂದು ಬರೆದರೆ ಆ ಅರ್ಜಿ ಮುಂದೆ ಹೋಗುವುದಿಲ್ಲ. ಹೀಗಾಗಿ ನಿನ್ನ ದುಃಖಕ್ಕೆ ಊರಲ್ಲೂ ಜಾಗವಿಲ್ಲ, ಆಫೀಸಿನಲ್ಲೂ ಜಾಗವಿಲ್ಲ. ನಾಲ್ಕು ತಿಂಗಳಿಂದ ಅದನ್ನು ಬಾಡಿಗೆ ರೂಮಿನಲ್ಲಿ ಒಬ್ಬನೇ ಇಟ್ಟುಕೊಂಡು ಕೂತಿದ್ದೀ.

ಅದು ಸಣ್ಣ ದುಃಖ ಅಲ್ಲ ಎಂದು ಹೇಳುವವರು ನಿನಗೆ ಸಿಗದಿದ್ದರೆ ನಾನು ಹೇಳುತ್ತೇನೆ, ಅದು ಸಣ್ಣದಲ್ಲ. ಐದನೇ ಇಯತ್ತೆಯಲ್ಲಿ ನೀನು ಹೇಗಿದ್ದೆ, ಯಾವ ಲೆಕ್ಕಕ್ಕೆ ಅತ್ತೆ, ಯಾರ ತೋಟದ ಪೇರಲ ಕದ್ದೆ ಎಂಬುದನ್ನೆಲ್ಲ ಬಲ್ಲವನು ಅವನೊಬ್ಬ. ಅವನ ಜೊತೆಗೆ ನಿನ್ನ ಅಷ್ಟು ವರ್ಷಗಳ ಸಾಕ್ಷಿಯೂ ಹೋಯಿತು. ಹಾಗಿದ್ದ ಮೇಲೆ ನೀನು ಅಳಬೇಕಾದ್ದೇ.

ಆದರೆ ಹಬ್ಬಕ್ಕೆ ಬರದೆ ಇರುವುದು ಅವನಿಗೆ ಸಲ್ಲಿಸುವ ಮರ್ಯಾದೆ ಎಂದು ನೀನು ತಿಳಿದಿದ್ದರೆ, ಅದನ್ನು ಒಪ್ಪಲು ನನಗೆ ಆಗುವುದಿಲ್ಲ. ನಮ್ಮ ಪಂಚಾಂಗವನ್ನೇ ನೋಡು. ಮಾನೌಮಿ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಮನೆಯಲ್ಲಿ ಸತ್ತವರೆಲ್ಲರ ನೆನಪಿನ ದಿನ ಅದು. ಮಾರನೆಯ ಬೆಳಿಗ್ಗೆಯೇ ಘಟ ಹಾಕಿ ಕಾಳು ಬಿತ್ತುತ್ತೇವೆ, ಹತ್ತನೆಯ ದಿನ ಬನ್ನಿ ಮುಡಿಯುತ್ತೇವೆ. ಸತ್ತವರ ದಿನಕ್ಕೂ ಮೊಳಕೆಯ ದಿನಕ್ಕೂ ನಡುವೆ ಒಂದು ರಾತ್ರಿಯ ಅಂತರ ಅಷ್ಟೆ. ನಮ್ಮ ಹಿರಿಯರು ಅತ್ತು ಮುಗಿದ ಮೇಲೆ ಹಬ್ಬ ಮಾಡು ಎನ್ನಲಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟರು. ಇನ್ನೊಂದು ವಿಷಯ ಕೇಳು. ಮಹಾಲಯದಲ್ಲಿ ಸರ್ವಪಿತೃ ತರ್ಪಣ ಕೊಡುವ ಮನೆಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಮುಗಿದ ಮೇಲೆ ಗುರುವಿಗೂ ಗೆಳೆಯನಿಗೂ ನೀರು ಬಿಡುವ ಪದ್ಧತಿ ಇದೆ. ನೀನು ಆ ಪದ್ಧತಿಯವನಲ್ಲ, ನಾನೂ ಅಲ್ಲ. ಆದರೂ ಗೆಳೆಯನಿಗೆ ಜಾಗವಿಲ್ಲ ಎಂದು ನಾನೀಗ ಹೇಳಿದ ಮಾತಿಗೆ ಅಷ್ಟು ತಿದ್ದುಪಡಿ ಬೇಕು.

ನೌಕರಿಯ ವರ್ಗಾವಣೆಯಲ್ಲಿ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನ ನೀರು ಕುಡಿದವನು. ಈ ನೆಲದಲ್ಲಿ ದುಃಖವನ್ನು ಯಾರೂ ಒಬ್ಬರೇ ಹೊರುವುದಿಲ್ಲ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ರೊಟ್ಟಿ ಪಲ್ಯ ತಂದು ಎದುರು ಕೂತು ಉಣಿಸುತ್ತಾರೆ. ರಾತ್ರಿಯೆಲ್ಲ ಭಜನಿ ಪದ ಹಾಡುತ್ತಾರೆ. ಅಲಾಯಿ ಹಬ್ಬದಲ್ಲಿ ರಿವಾಯತ ಪದ ಕೇಳಿದ್ದೀಯಲ್ಲ? ಕ್ರಿ.ಶ. 680ರಲ್ಲಿ ದೂರದ ಕರ್ಬಲಾದಲ್ಲಿ ನಡೆದ ಸಾವಿಗೆ ಭೀಮಾ ತೀರದ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡದಲ್ಲಿ ಶೋಕ ಹಾಡುತ್ತಾರೆ. ಹಾಡುವವರ ಮೇಳದಲ್ಲಿ ಮುಸಲ್ಮಾನರ ಹುಡುಗರ ಜೊತೆಗೆ ಲಿಂಗಾಯತರ, ಕುರುಬರ ಹುಡುಗರೂ ಇರುತ್ತಾರೆ. ಅಂಥ ಮಂದಿಯ ಮಗ ನೀನು. ಬೆಂಗಳೂರಿನಲ್ಲಿ ಬಾಗಿಲು ಹಾಕಿಕೊಂಡು ಅಳುವುದು ನಿನಗೆ ಒಗ್ಗುವುದಿಲ್ಲ.

ಈಗ ಹಲಸಂಗಿಯ ಮಾತಿಗೆ ಬರುತ್ತೇನೆ. ತರಗತಿಯಲ್ಲಿ ಹೇಳಿದ್ದೆ, ಆಗ ನೀವಿಬ್ಬರೂ ಹಿಂದಿನ ಬೆಂಚಿನಲ್ಲಿ ಏನೋ ಗುಸುಗುಸು ನಡೆಸಿದ್ದಿರಿ. ಹಲಸಂಗಿ ಆಗ ಇಂಡಿ ತಾಲೂಕಿನ ಊರು, ಈಗ ಚಡಚಣ ತಾಲೂಕಿಗೆ ಸೇರಿದೆ. ಕನ್ನಡ ಸಾಹಿತ್ಯದಲ್ಲಿ ನಮ್ಮ ಈ ಭಾಗಕ್ಕೆ ದೊಡ್ಡ ಹೆಸರು ತಂದವರು ಯಾರು ಎಂದರೆ ಒಬ್ಬ ಕವಿಯ ಹೆಸರು ಬರುವುದಿಲ್ಲ, "ಹಲಸಂಗಿ ಗೆಳೆಯರು" ಎಂದೇ ಬರುತ್ತದೆ. ಮಧುರಚೆನ್ನ ಎಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. ಜಾತಿ ಬೇರೆ, ಮತ ಬೇರೆ, ಹಟ ಒಂದೇ. ಬೀಸುವ ಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಈ ಹುಡುಗರು ಬರೆದುಕೊಂಡರು. 1931ರಲ್ಲಿ "ಗರತಿಯ ಹಾಡು" ಅಚ್ಚಾಯಿತು. ಆಮೇಲೆ "ಜೀವನ ಸಂಗೀತ", "ಮಲ್ಲಿಗೆ ದಂಡೆ" ಬಂದವು. ಆಗ ಅವರಿಗೆ ಹೆಚ್ಚುಕಡಿಮೆ ನಿನ್ನ ಈಗಿನ ವಯಸ್ಸು. ಓದಿದವರು ಹಳ್ಳಿಯ ಹಾಡನ್ನು ಹಾಡೆಂದೇ ಎಣಿಸದಿದ್ದ ಕಾಲ ಅದು. ನಮ್ಮ ಅಜ್ಜಿಯರ ಕಂಠದಲ್ಲಿ ಇದ್ದದ್ದು ಅವರ ಜೊತೆಗೇ ಮಣ್ಣಾಗಿ ಹೋಗುತ್ತಿತ್ತು, ಈ ನಾಲ್ಕು ಮಂದಿ ಗೆಳೆಯರು ಉಳಿಸಿದರು. ಅವರ ಗೆಳೆತನಕ್ಕಾಗಿ ಧಾರವಾಡದ ಬೇಂದ್ರೆಯವರು ಹಲಸಂಗಿಯ ದಾರಿ ಹಿಡಿಯುತ್ತಿದ್ದರು.

ಮಧುರಚೆನ್ನರು ಆ ಗೆಳೆಯರ ನಡುವಿನ ಜೀವ. 1903ರಲ್ಲಿ ಹುಟ್ಟಿದವರು, ಮುಲ್ಕಿ ಪರೀಕ್ಷೆ ಮುಗಿಸಿ ಮುಂದಿನದನ್ನೆಲ್ಲ ಸ್ವಂತ ಓದಿನಿಂದ ಕಲಿತವರು, "ನನ್ನ ನಲ್ಲ" ಬರೆದವರು, ಶ್ರೀ ಅರವಿಂದರನ್ನು ಗುರುವೆಂದು ನಂಬಿದವರು. ತೀರಿಕೊಂಡದ್ದು 1953ರ ಆಗಸ್ಟ್ 15ರಂದು, ಐವತ್ತನೆಯ ವಯಸ್ಸಿಗೆ. ಆ ತಾರೀಖನ್ನು ಗಮನಿಸು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ. ಅವರು ನಂಬಿದ ಅರವಿಂದರು 1872ರಲ್ಲಿ ಹುಟ್ಟಿದ್ದೂ ಅದೇ ಆಗಸ್ಟ್ 15. ಹಲಸಂಗಿಯಲ್ಲಿ ಉಳಿದ ಗೆಳೆಯರಿಗೆ ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಒಂದು ದಿನದಲ್ಲಿ ಮೂರು ದಿನಗಳು ಕೂಡಿ ಬರುತ್ತಿದ್ದವು. ಊರಿನ ಶಾಲೆಯಲ್ಲಿ ಧ್ವಜ ಏರುತ್ತಿತ್ತು, ಗುರುವಿನ ಹುಟ್ಟುಹಬ್ಬ ಬರುತ್ತಿತ್ತು, ಗೆಳೆಯ ಸತ್ತ ದಿನವೂ ಬರುತ್ತಿತ್ತು. ಯಾವುದನ್ನು ಬಿಡಬೇಕು, ಯಾವುದನ್ನು ಆಚರಿಸಬೇಕು? ನಾನು ಮಾಸ್ತರಿಕೆ ಮಾಡಿದಷ್ಟು ವರ್ಷವೂ ಆಗಸ್ಟ್ 15ರ ಬೆಳಿಗ್ಗೆ ಮಕ್ಕಳನ್ನು ಸಾಲಿಗೆ ನಿಲ್ಲಿಸುವಾಗ ಇದು ನನ್ನ ಮನಸ್ಸಿಗೆ ಬರುತ್ತಿತ್ತು. ಒಂದು ದಿನ ಒಂದೇ ಭಾವಕ್ಕೆ ಮೀಸಲು ಎಂದು ನಾವೇಕೆ ಅಂದುಕೊಳ್ಳಬೇಕು?

ಸಿಂಪಿ ಲಿಂಗಣ್ಣನವರು ಮಧುರಚೆನ್ನರಿಗಿಂತ ಎರಡು ವರ್ಷಕ್ಕೆ ಚಿಕ್ಕವರು, 1905ರಲ್ಲಿ ಹುಟ್ಟಿದವರು. ಗೆಳೆಯ ಹೋದ ಮೇಲೆ ಅವರು 40 ವರ್ಷ ಬದುಕಿದರು, 1993ರವರೆಗೆ. ಆ 40 ವರ್ಷದ ತುಂಬ ಬರೆದರು. ಜಾನಪದದ ಮೇಲೆ, ಶರಣರ ಮೇಲೆ, ದೊಡ್ಡವರ ಜೀವನದ ಮೇಲೆ ಪುಸ್ತಕದ ಮೇಲೆ ಪುಸ್ತಕ. ಕಡೆಗಾಲದಲ್ಲಿ ಕೊಪ್ಪಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟು ದೊಡ್ಡ ಸಭೆಯ ಮುಂದೆ ಕೂತಾಗ ಅವರ ಮನಸ್ಸಿನಲ್ಲಿ ಏನಿತ್ತೋ ಹೇಳಲು ನಾನು ಯಾರು. ಆದರೆ ಅವರನ್ನು ಪರಿಚಯಿಸುವವರು ಕೊನೆಯವರೆಗೂ "ಹಲಸಂಗಿ ಗೆಳೆಯರಲ್ಲಿ ಒಬ್ಬರು" ಎಂದೇ ಪರಿಚಯಿಸಿದರು. ಒಬ್ಬ ಮನುಷ್ಯನನ್ನು ಅವನ ಗೆಳೆಯರ ಹೆಸರಿನಿಂದ ಗುರುತಿಸುವುದು! ನನಗೆ ಇದಕ್ಕಿಂತ ದೊಡ್ಡ ಪದವಿ ಕಾಣುವುದಿಲ್ಲ. ನೀವಿಬ್ಬರೂ ಪುಸ್ತಕ ಬರೆದವರಲ್ಲ, ಇರಲಿ. ಇಬ್ಬರೂ ಸೇರಿ ಶುರುಮಾಡಿದ್ದು ಏನಾದರೂ ಇದ್ದೇ ಇರುತ್ತದೆ. ಶಾಲೆಯ ಬಾವಿಯ ಹತ್ತಿರ ನೀವು ನೆಟ್ಟ ಎರಡು ಹುಣಸೆ ಗಿಡ ಇನ್ನೂ ಇವೆ. ಬೇಸಿಗೆಯಲ್ಲಿ ಅವಕ್ಕೆ ನೀರು ಹಾಕಲು ಅವನು ಮೋಟಾರ್‌ಸೈಕಲ್ ಮೇಲೆ ಕೊಡ ಕಟ್ಟಿಕೊಂಡು ಬರುತ್ತಿದ್ದ.

ಈಗ ನಿನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಉಪಕಾರ ನೆನೆಯಬೇಕು, ಇದ್ದದ್ದಕ್ಕೆ ಸಂತೋಷಪಡಬೇಕು ಎಂದು ಯಾರೋ ನಿನಗೆ ಹೇಳಿದ್ದಾರೆ. ನಿನಗೆ ಸಿಟ್ಟು ಬಂದಿದೆ. ಬರಲೇಬೇಕು. ಹರೆಯದ ಮಗ ಸತ್ತ ಮನೆಗೆ ಹೋಗಿ "ದೇವರು ಮಾಡಿದ್ದೆಲ್ಲ ಒಳ್ಳೇದಕ್ಕೆ" ಎನ್ನುವವರನ್ನು ಕಂಡರೆ ನನಗೂ ಸಹನೆಯಾಗುವುದಿಲ್ಲ. ಅವನ ಸಾವಿನಲ್ಲಿ ಒಳ್ಳೆಯದು ಏನೂ ಇಲ್ಲ. ಅದರಲ್ಲಿ ಹುಡುಕಲೂ ಬೇಡ. ನಾನು ನೆನೆ ಎನ್ನುವುದು ಅವನ ಬದುಕಿನಲ್ಲಿ ನಿನಗೆ ಬಂದದ್ದನ್ನು. ಇವೆರಡು ಬೇರೆ ಬೇರೆ.

ನೀನು ಡಿಗ್ರಿ ಕೊನೆಯ ಪರೀಕ್ಷೆ ಬರೆಯುತ್ತಿದ್ದ ವರ್ಷ ನಿಮ್ಮಪ್ಪ ಬಿದ್ದು ಕಾಲು ಮುರಿದುಕೊಂಡರು, ನೆನಪಿದೆಯೆ? ಹೊಲದಲ್ಲಿ ಬಿಳಿಜೋಳ ಕೀಳಲು ಬಂದಿತ್ತು. ನಿನಗೆ ತಿಳಿಸಬೇಡಿ ಎಂದು ಅವರವ್ವನಿಗೂ ನಿಮ್ಮವ್ವನಿಗೂ ಹೇಳಿ, ತನ್ನ ತೋಟದ ಆಳುಗಳನ್ನು ಕರೆದುಕೊಂಡು ಹೋಗಿ ಕಿತ್ತು, ತೆನೆ ಮುರಿಸಿ, ರಾಶಿ ಮಾಡಿಸಿ ಮನೆಗೆ ಹಾಕಿಸಿದವನು ಅವನು. ಕಣಿಕೆಯನ್ನು ಬಣವೆ ಒಟ್ಟುವವರೆಗೂ ನಿಂತಿದ್ದ. ನೀನು ಪಾಸಾಗಿ ಬೆಂಗಳೂರಿಗೆ ಹೋದೆ; ಅವನು ಲಿಂಬಿ ತೋಟದಲ್ಲೇ ಉಳಿದ. ನಿನ್ನ ಇವತ್ತಿನ ಪಗಾರದಲ್ಲಿ ಆ ಸುಗ್ಗಿಯ ಪಾಲಿದೆ. ಇದನ್ನು ಅವನಿದ್ದಾಗ ನೀನು ಅವನಿಗೆ ಹೇಳಲಿಲ್ಲ, ಹೇಳುವುದು ನಮ್ಮ ಕಡೆ ರೂಢಿಯೂ ಇಲ್ಲ. ಗೆಳೆಯನ ಮುಂದೆ ನಿಂತು ಉಪಕಾರವಾಯಿತು ಎಂದರೆ ಅವನು "ತೆಲಿ ಕೆಟ್ಟೈತೇನ ನಿಂಗ" ಎನ್ನುತ್ತಿದ್ದ. ಹೇಳದೆ ಉಳಿದ ಆ ಮಾತೇ ಈಗ ನಿನ್ನ ಎದೆಯ ಮೇಲೆ ಕೂತಿದೆ. ಅದನ್ನು ಇಳಿಸಲು ನನಗೆ ತಿಳಿದಿರುವುದು ಒಂದೇ ದಾರಿ: ಅವನಿಗೆ ಹೇಳಬೇಕಾದ್ದನ್ನು ಅವನನ್ನು ಹೆತ್ತವರಿಗೆ ಹೋಗಿ ಹೇಳು. ದಿನಾ ಬೆಳಿಗ್ಗೆ ಒಳ್ಳೆಯದನ್ನು ಡೈರಿಯಲ್ಲಿ ಬರೆದುಕೊಳ್ಳಿ ಎಂದು ಪುಸ್ತಕಗಳಲ್ಲಿ ಹೇಳುತ್ತಾರೆ, ಬರೆದುಕೊಂಡರೆ ತಪ್ಪಿಲ್ಲ. ಆದರೆ ಉಪಕಾರದ ಮಾತು ಕೇಳುವ ಕಿವಿಯೊಂದು ಇರಬೇಕು. ಆ ಕಿವಿಗಳು ನಿಮ್ಮ ಊರಲ್ಲೇ ಇವೆ.

ನನಗೂ ಒಬ್ಬ ಗೆಳೆಯ ಇದ್ದ. ಕೊಲ್ಹಾರದವನು, ಅದು ಆಗ ಬಸವನ ಬಾಗೇವಾಡಿ ತಾಲೂಕು. ಇಬ್ಬರೂ ಬಾಗೇವಾಡಿಯಲ್ಲಿ ಒಂದೇ ಶಾಲೆಯಲ್ಲಿ ಇದ್ದೆವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಆಣೆಕಟ್ಟಿನಲ್ಲಿ ಕೊನೆಗೆ ನೀರು ನಿಂತಾಗ ಹಳೆಯ ಕೊಲ್ಹಾರ ಹಿನ್ನೀರಿನ ಪಾಲಾಯಿತು. ಅವನ ಮನೆ, ಅವನ ಗರಡಿ, ಅವನು ಈಜು ಕಲಿತ ಕೃಷ್ಣೆಯ ದಂಡೆ, ಎಲ್ಲ. ಹೊಸ ಕೊಲ್ಹಾರಕ್ಕೆ ಹೋದ ಮೇಲೂ ಅವನು ಪ್ರತಿ ದಸರೆಗೆ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು ಹಿಡಿದುಕೊಂಡು ನನ್ನ ಮನೆಗೆ ಬನ್ನಿ ಕೊಡಲು ಬರುತ್ತಿದ್ದ. ಕೊಲ್ಹಾರದ ಮೊಸರು ನಿನಗೆ ಗೊತ್ತಲ್ಲ, ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ. ಅವನು ಹೋದ ವರ್ಷದ ದಸರೆಯಂದು ನಾನೇ ಬನ್ನಿ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ವೈನಿ ನಿಂತಿದ್ದರು. ಅತ್ತರು. ನಾನೂ ಅತ್ತೆ. ಆಮೇಲೆ ಅವರು ಒಳಗೆ ಹೋಗಿ ಮೊಸರಿನ ಗಡಿಗೆ ತಂದು ನನ್ನ ಮುಂದಿಟ್ಟರು. "ಈ ಸಲ ಅವರು ತರಾಕಾಗುದಿಲ್ಲಂತ ನಾನ ತರಿಸಿಟ್ಟೆ. ನೀವು ಬರ್ತೀರಂತ ಗೊತ್ತಿತ್ತು" ಎಂದರು. ಸಂಜೆಯವರೆಗೂ ಅವನ ಕಥೆಗಳನ್ನು ಹೇಳಿದೆ. ಅವನ ಮಕ್ಕಳಿಗೆ ಅಪ್ಪ ಶಾಲೆಯ ನಾಟಕದಲ್ಲಿ ಹೆಣ್ಣುವೇಷ ಹಾಕಿದ್ದು ಗೊತ್ತೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಿನ ಮನೆಯಲ್ಲಿ ನಕ್ಕರೆ ಪಾಪ ಅಂದವರು ಅಲ್ಲಿ ಯಾರೂ ಇರಲಿಲ್ಲ.

ಆ ದಿನದಿಂದ ಒಂದು ಮಾತು ನನಗೆ ಖಚಿತವಾಗಿದೆ. ಸತ್ತವರ ಮನೆಯವರಿಗೆ ಸಮಾಧಾನ ಹೇಳುವವರಿಗಿಂತ ಸತ್ತವರ ಹೆಸರು ಹೇಳುವವರು ಬೇಕು. ಮೂರು ದಿನದ ಮೇಲೆ ಊರೆಲ್ಲ ಆ ಹೆಸರನ್ನು ಬಾಯಲ್ಲಿ ತರಲು ಹೆದರುತ್ತದೆ, ಎಲ್ಲಿ ನೋವಾಗುತ್ತದೋ ಎಂದು. ಹೆತ್ತವ್ವನಿಗೆ ಆ ಹೆಸರು ಕೇಳದಿರುವುದೇ ನೋವು.

ಅದಕ್ಕೇ ಹೇಳುತ್ತೇನೆ, ದಸರೆಗೆ ಬಾ. ಸಿಂದಗಿ, ಮುದ್ದೇಬಿಹಾಳದವರ ಹಾಗೆ ಬಸ್ಸನ್ನೇ ನಂಬಬೇಕಾದ ಊರು ನಮ್ಮದಲ್ಲ, ಇಂಡಿ ರೋಡಿನವರೆಗೆ ರೈಲಿದೆ. ಬನ್ನಿ ಮುಡಿದ ಮೇಲೆ ನಿಮ್ಮಪ್ಪ ಅವ್ವನ ಕಾಲಿಗೆ ಬಿದ್ದು ನೇರ ಅವರ ಮನೆಗೆ ಹೋಗು. ಬೇರೆ ಮನೆಗಳಿಗೆ ಆಮೇಲೆ ಹೋಗಬಹುದು. ಆ ಮನೆಯಲ್ಲಿ ಈ ವರ್ಷ ಹೋಳಿಗೆ ಮಾಡಿರುವುದಿಲ್ಲ, ಬಾಗಿಲಿಗೆ ತೋರಣ ಕಟ್ಟಿರುವುದಿಲ್ಲ, ಹಬ್ಬದ ಮನೆಯಿಂದ ಬಂದು ಸೂತಕದ ಮನೆಗೆ ಹೇಗೆ ಹೋಗುವುದು ಎಂದು ನಿನಗೆ ಅಳುಕಾಗುತ್ತದೆ. ಅಳುಕುತ್ತಲೇ ಹೋಗು. ಅವರಪ್ಪನ ಕೈಯಲ್ಲಿ ಬನ್ನಿ ಇಟ್ಟು ಕಾಲು ಮುಟ್ಟು. ಬಂಗಾರದಂಗ ಇರೋಣ ಎಂಬ ಮಾತು ಬಾಯಿಗೆ ಬರದಿದ್ದರೆ ಬಿಡು, ಎಲೆ ಕೊಟ್ಟರೆ ಸಾಕು. ಅವರವ್ವ ರೊಟ್ಟಿ ಬಡಿಯುತ್ತೇನೆ ಎಂದರೆ ಬೇಡ ಎನ್ನಬೇಡ. ಉಂಡೇ ಬಾ. ಮಗನ ಜೊತೆಗಾರನಿಗೆ ಶೇಂಗಾ ಹಿಂಡಿ ಹಾಕಿ ಬಿಸಿ ರೊಟ್ಟಿ ಬಡಿಸುವಾಗ ಆ ತಾಯಿಗೆ ಅಳು ಬರುತ್ತದೆ. ಅತ್ತರೂ ಬಡಿಸುತ್ತಾಳೆ. ಆ ಜೋಳದ ಸುಗ್ಗಿಯ ಮಾತನ್ನು ಆಗ ಹೇಳು. ಆಕೆಗೆ ಗೊತ್ತಿರುವ ಸಂಗತಿಯೇ ಆದರೂ ನಿನ್ನ ಬಾಯಿಂದ ಕೇಳಿಲ್ಲ.

ಒಂದು ಮಾತನ್ನು ಮಾತ್ರ ಹೇಳಬೇಡ. "ಇನ್ನ ಮ್ಯಾಲೆ ನಾನ ನಿಮ್ಮ ಮಗ" ಎಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿಗೆ ನಿಜವಾಗಿಯೇ ಹೇಳುತ್ತಾರೆ. ಆರು ತಿಂಗಳಿಗೆ ಫೋನು ನಿಲ್ಲುತ್ತದೆ, ಆ ಮನೆಯವರು ಎರಡನೇ ಸಲ ಮಗನನ್ನು ಕಳೆದುಕೊಳ್ಳುತ್ತಾರೆ. ನಿನಗೆ ನಿನ್ನ ಅಪ್ಪ ಅವ್ವ ಇದ್ದಾರೆ, ನಾಳೆ ಮದುವೆಯಾಗುತ್ತದೆ. ನಡೆಸಲು ಆಗುವಷ್ಟನ್ನೇ ಒಪ್ಪಿಕೊ. ವಾರಕ್ಕೊಮ್ಮೆ ಸಂತೆಯ ದಿನ ಫೋನು ಮಾಡುತ್ತೇನೆ ಎನ್ನು, ಮಾಡು. ತಂಗಿಯ ಕಾಲೇಜಿನ ಅರ್ಜಿಗಳನ್ನು ನಾನು ತುಂಬುತ್ತೇನೆ ಎನ್ನು, ತುಂಬು. ಸಣ್ಣ ಮಾತು, ತಪ್ಪದ ಮಾತು.

ಓಣಿಯ ಹುಡುಗರು ಅವನ ದೊಡ್ಡ ಬ್ಯಾನರ್ ಮಾಡಿಸಿ ಅಗಸಿಯಲ್ಲಿ ಕಟ್ಟಬೇಕು ಎಂದು ಪಟ್ಟಿ ಎತ್ತುತ್ತಿದ್ದಾರೆ. ನಿನ್ನನ್ನೂ ಕೇಳಿರಬೇಕು. ಅವರ ಪ್ರೀತಿಯನ್ನು ನಾನು ಹೀಯಾಳಿಸುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೆನೆ. 2023ರ ಜನವರಿ 2ರಂದು ಅವರು ತೀರಿಕೊಂಡಾಗ ವಿಜಯಪುರಕ್ಕೆ ಲಕ್ಷಗಟ್ಟಲೆ ಜನ ಹರಿದು ಬಂದರು. ಅವರು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದ ಪತ್ರವನ್ನು ಆಗ ಓದಲಾಯಿತು: ದೇಹವನ್ನು ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು. ಅದಕ್ಕೆ ಅವರು ಇಟ್ಟ ಹೆಸರು ಅಭಿವಂದನ ಪತ್ರ. ಹೋಗುವವರೇ ಉಳಿಯುವವರಿಗೆ ವಂದನೆ ಬರೆದಿಟ್ಟು ಹೋದರು. ಬ್ಯಾನರಿನ ಹಣದಲ್ಲಿ ಅವನ ತೋಟಕ್ಕೆ ಒಂದಷ್ಟು ಗೊಬ್ಬರ ಹಾಕಿಸಿದರೆ ಹೇಗೆ ಎಂದು ಹುಡುಗರಿಗೆ ಹೇಳಿ ನೋಡು. ನೀನು ಹೇಳಿದರೆ ಕೇಳುತ್ತಾರೆ. ಲಿಂಬಿ ಗಿಡಕ್ಕೆ ಯಜಮಾನ ಸತ್ತದ್ದು ಗೊತ್ತಾಗುವುದಿಲ್ಲ, ನೀರು ನಿಂತದ್ದು ಗೊತ್ತಾಗುತ್ತದೆ. ಅವರಪ್ಪನಿಗೆ ಈಗ ಒಂದೇ ಕೈ.

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ನಿಮ್ಮನ್ನು ಟ್ರಿಪ್ಪಿಗೆ ಕರೆದುಕೊಂಡು ಹೋದಾಗ ನೀಲಾಂಬಿಕೆಯ ಕಥೆ ಹೇಳಿದ್ದೆ. ಕೂಡಲಸಂಗಮದಿಂದ ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳಿಸಿ ಕರೆಸಿದರಂತೆ. ತಾಯಿ ಕೃಷ್ಣೆಯ ದಂಡೆಯ ತಂಗಡಗಿಯವರೆಗೆ ಬಂದು, ಅಲ್ಲಿರುವ ಸಂಗಮನಾಥ ಇಲ್ಲಿಯೂ ಇದ್ದಾನೆ ಎಂದು ಅಲ್ಲೇ ಐಕ್ಯಳಾದಳಂತೆ. ಆಪ್ತನಾದ ಅಪ್ಪಣ್ಣನೂ ಅಲ್ಲೇ ಐಕ್ಯನಾದ ಎಂಬುದು ಜನರ ನಂಬಿಕೆ. ಅದನ್ನು ಸತ್ತವರ ಹಿಂದೆ ಹೋದವರ ಕಥೆ ಎಂದು ಓದಬೇಡ. ನೀಲಾಂಬಿಕೆ ಹೇಳಿದ್ದು ಅವನು ಇಲ್ಲಿಯೂ ಇದ್ದಾನೆ ಎಂದು. ಆ ಅರ್ಧವನ್ನೇ ನೀನು ಇಟ್ಟುಕೊ. ರಾತ್ರಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ನಿಮ್ಮವ್ವ ಹೇಳಿದಳು. ಅದು ಹೀಗೇ ವಾರಗಟ್ಟಲೆ ನಡೆದರೆ, ಅಥವಾ ನಾನೂ ಹೋಗಿಬಿಡಬೇಕಿತ್ತು ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ನನಗೆ ಯಾವ ಹೊತ್ತಿನಲ್ಲಾದರೂ ಫೋನು ಮಾಡು. ನನಗೆ ಹೇಳಲು ಸಂಕೋಚವಾದರೆ 14416ಕ್ಕೆ ಮಾಡು. ಟೆಲಿ ಮನಸ್ ಎಂದು ಸರ್ಕಾರದ್ದು, 2022ರಿಂದ ಇದೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ಇದಕ್ಕೂ ಹೋಗಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ.

ಕೊನೆಯದು ನೀನು ಮಾತ್ರ ಮಾಡಬಹುದಾದ ಕೆಲಸ. ಅವರ ಮನೆಯಲ್ಲಿ ಕಾಗದಪತ್ರ ಬಲ್ಲವರು ಯಾರೂ ಇಲ್ಲ, ಇದ್ದವನು ಅವನೇ. ಅವನ ಬ್ಯಾಂಕಿನ ಪಾಸ್‌ಬುಕ್ ತೆಗೆಸಿ ಎಂಟ್ರಿ ಹಾಕಿಸು. ಮೇ, ಜೂನ್ ತಿಂಗಳ ಸಾಲುಗಳನ್ನು ನೋಡು, ಈ ವರ್ಷದ್ದೂ ಹಿಂದಿನ ವರ್ಷದ್ದೂ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ವಿಮೆ ಚಾಲ್ತಿಯಲ್ಲಿದ್ದರೆ ಸಾವು ಯಾವ ಕಾರಣದಿಂದ ಬಂದಿದ್ದರೂ ಮನೆಯವರಿಗೆ 2 ಲಕ್ಷ ಬರಬೇಕು. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ, ಅಪಘಾತದ ಸಾವಿಗೆ ಮಾತ್ರ. ಎಷ್ಟೋ ಮನೆಗಳಲ್ಲಿ ಹಣ ಕಟ್ಟಿದ್ದೇ ಗೊತ್ತಿರುವುದಿಲ್ಲ, ಕೇಳದೆ ಬಿಟ್ಟುಬಿಡುತ್ತಾರೆ. ತಿಂಗಳುಗಳು ಕಳೆದಿವೆ, ತಡ ಮಾಡಬೇಡ. ಮರಣ ಪ್ರಮಾಣಪತ್ರವನ್ನು ಅವರಪ್ಪ ಪಂಚಾಯತಿಯಿಂದ ತಂದಿಟ್ಟಿದ್ದಾರೆ, ನಾನು ಕೇಳಿ ತಿಳಿದುಕೊಂಡಿದ್ದೇನೆ. ನಾಮಿನಿ ಅಪ್ಪನೋ ಅವ್ವನೋ ನೋಡಬೇಕು. ಅವರ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಝೆರಾಕ್ಸ್ ನಾನು ಮಾಡಿಸಿ ಇಟ್ಟಿರುತ್ತೇನೆ. ಫಾರ್ಮು ನೀನು ತುಂಬು. ಹಬ್ಬದ ರಜೆ ಮುಗಿದು ಬ್ಯಾಂಕು ತೆರೆದ ದಿನ ಅವರಪ್ಪನನ್ನು ಕರೆದುಕೊಂಡು ಮೂವರೂ ಹೋಗೋಣ, ಒಂದು ದಿನ ಹೆಚ್ಚಿಗೆ ರಜೆ ಹಾಕಿ ಬಾ.

ನಿನ್ನ ಮಾಸ್ತರ